ಮನೆಕೂಟದಲ್ಲಿ ಬೈಬಲ್ ಓದುವುದು ಅಂದರೇನು? ಮೊದಲ ಸಲ ಹೋಗುವವರಿಗೆ

"ಬುಧವಾರ ಸಂಜೆ ಏಳಕ್ಕೆ ನಮ್ಮನೇಲಿ ಕೂಟ ಇದೆ. ಸತ್ಯವೇದ ತಗೊಂಡು ಬನ್ನಿ."

ಊರು ಬಿಟ್ಟು ಬೆಂಗಳೂರಿಗೋ ಹುಬ್ಬಳ್ಳಿಗೋ ಕೆಲಸಕ್ಕೆ ಬಂದ ಕ್ರೈಸ್ತ ಕುಟುಂಬಕ್ಕೆ ಹೊಸ ಸಭೆಯಲ್ಲಿ ಮೊದಲು ಬರುವ ಕರೆ ಸಾಮಾನ್ಯವಾಗಿ ಇದೇ. ಹೋಗಬೇಕು ಅನಿಸುತ್ತದೆ, ಅಳುಕೂ ಆಗುತ್ತದೆ. ಚಿಕ್ಕಂದಿನಿಂದ ಬೈಬಲ್ ಕೇಳಿಕೊಂಡೇ ಬೆಳೆದಿದ್ದರೂ ಅದು ಭಾನುವಾರ ಅಯ್ಯನವರೋ ಫಾದರ್ರೋ ಓದಿ ವಿವರಿಸಿದ್ದು. ನಾವು ಬೆಂಚಿನ ಮೇಲೆ ಕೂತು ಕೇಳಿದ್ದು. ಈಗ ಯಾರದೋ ಮನೆಯ ಪಡಸಾಲೆಯಲ್ಲಿ, ಹತ್ತು ಜನರ ನಡುವೆ, ನಮ್ಮ ಕೈಯಲ್ಲೇ ಪುಸ್ತಕ. ಪುಟ ಸಿಗದೆ ತಡಕಾಡಿದರೆ? ಯಾರಾದರೂ ಅರ್ಥ ಕೇಳಿಬಿಟ್ಟರೆ?

ಈ ಪ್ರಶ್ನೆಗಳನ್ನು ನನ್ನ ಬಳಿ ಕೇಳಿದವರು ಹಲವರು. ಕ್ರೈಸ್ತರಲ್ಲದ ಗೆಳೆಯರೂ ಕೇಳುತ್ತಾರೆ: "ಪಕ್ಕದ ಮನೆಯಲ್ಲಿ ವಾರಕ್ಕೊಮ್ಮೆ ಬಾಗಿಲ ಮುಂದೆ ಚಪ್ಪಲಿ ತುಂಬಿರುತ್ತೆ, ಒಂದು ಹಾಡು ಕೇಳಿಸುತ್ತೆ, ಆಮೇಲೆ ತುಂಬಾ ಹೊತ್ತು ಮೆಲ್ಲನೆ ಮಾತು. ಏನು ಮಾಡ್ತೀರಿ ಅಲ್ಲಿ?" ಇಬ್ಬರಿಗೂ ಉತ್ತರವಾಗಲೆಂದು ಬುಡದಿಂದಲೇ ಶುರುಮಾಡುತ್ತೇನೆ.

ಮೊದಲು, ಕೈಯಲ್ಲಿರುವ ಪುಸ್ತಕ

ಬೈಬಲ್ ಅನ್ನುವ ಹೆಸರು 'ಪುಸ್ತಕಗಳು' ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ಒಂದೇ ಪುಸ್ತಕದಂತೆ ಕಂಡರೂ ಅದು ನಿಜಕ್ಕೂ ಒಂದು ಪುಸ್ತಕದ ಕಪಾಟು. ಪ್ರಾಟೆಸ್ಟಂಟರ ಬೈಬಲ್‌ನಲ್ಲಿ 66 ಪುಸ್ತಕಗಳು: ಯೇಸುವಿಗಿಂತ ಹಿಂದಿನ ಹಳೆಯ ಒಡಂಬಡಿಕೆಯಲ್ಲಿ 39, ಯೇಸು ಮತ್ತು ಆತನ ಶಿಷ್ಯರ ಕಾಲದ ಹೊಸ ಒಡಂಬಡಿಕೆಯಲ್ಲಿ 27. ಕಥೋಲಿಕರ ಬೈಬಲ್‌ನಲ್ಲಿ 73. ಹೆಚ್ಚುವರಿ ಏಳೂ ಹಳೆಯ ಒಡಂಬಡಿಕೆಗೆ ಸೇರಿದವು. ಕಪಾಟಿನಲ್ಲಿ ಕಥೆಯಿದೆ, ಕಾನೂನಿದೆ, ವಂಶಾವಳಿಯಿದೆ, ಗಾದೆಯಿದೆ, 150 ಕೀರ್ತನೆಗಳಿವೆ, ಪ್ರವಾದಿಗಳ ಸಿಟ್ಟಿದೆ, ಒಬ್ಬರಿಂದೊಬ್ಬರಿಗೆ ಹೋದ ಪತ್ರಗಳಿವೆ. ಪತ್ರವನ್ನು ಕಾನೂನಿನಂತೆ ಓದಿದರೆ, ಹಾಡನ್ನು ಚರಿತ್ರೆಯಂತೆ ಓದಿದರೆ ದಾರಿ ತಪ್ಪುತ್ತದೆ. ಹಾಗಾಗಿ ಕೂಟದಲ್ಲಿ ಅನುಭವಸ್ಥರು ಮೊದಲು ಕೇಳುವ ಪ್ರಶ್ನೆ, "ಇದು ಯಾವ ಬಗೆಯ ಬರಹ?"

"ಯೋಹಾನ 11:35" ಅಂದರೆ ಯೋಹಾನನ ಪುಸ್ತಕ, ಹನ್ನೊಂದನೇ ಅಧ್ಯಾಯ, ಮೂವತ್ತೈದನೇ ವಚನ. ಮನೆ ಹುಡುಕಲು ಬೀದಿ ಮತ್ತು ಬಾಗಿಲ ಸಂಖ್ಯೆ ಇದ್ದ ಹಾಗೆ. ಈ ಸಂಖ್ಯೆಗಳನ್ನು ಮೂಲ ಬರಹಗಾರರು ಹಾಕಿದ್ದಲ್ಲ. ಇಂದಿನ ಅಧ್ಯಾಯ ವಿಭಾಗ ಹದಿಮೂರನೇ ಶತಮಾನದ್ದು. ಹೊಸ ಒಡಂಬಡಿಕೆಯ ಈಗಿನ ವಚನ ಸಂಖ್ಯೆಗಳು ಬಂದದ್ದು 1551ರಲ್ಲಿ, ರೊಬೇರ್ ಎಸ್ತಿಯೆನ್ ಎಂಬ ಮುದ್ರಕನ ಕೈಯಿಂದ. ವಿಳಾಸಕ್ಕೆ ಇದು ತುಂಬಾ ಅನುಕೂಲ. ಆದರೆ ಒಂದು ವಚನವನ್ನು ಅಕ್ಕಪಕ್ಕದ ವಚನಗಳಿಂದ ಕಿತ್ತು ತೆಗೆಯುವುದೂ ಇದರಿಂದಲೇ ಸಲೀಸಾಯಿತು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಕೂಟಕ್ಕೆ ಹೋದಾಗ ಗೊಂದಲವಾಗುವ ಇನ್ನೊಂದು ವಿಷಯ ಪದಗಳದ್ದು. ಹಳೆಯ ಪ್ರಾಟೆಸ್ಟಂಟ್ ಅನುವಾದ 'ಸತ್ಯವೇದವು' ದೇವರನ್ನು 'ಯೆಹೋವನು' ಅನ್ನುತ್ತದೆ. ಕಥೋಲಿಕರೂ ಬಳಸುವ ಹೊಸ ಅನುವಾದದಲ್ಲಿ ಅಲ್ಲೇ 'ಸರ್ವೇಶ್ವರ' ಎಂದಿರುತ್ತದೆ. ಯೇಸುವಿನ ಬದುಕನ್ನು ಹೇಳುವ ಪುಸ್ತಕ ಒಬ್ಬರಿಗೆ 'ಸುವಾರ್ತೆ', ಇನ್ನೊಬ್ಬರಿಗೆ 'ಶುಭಸಂದೇಶ'. ವಿಷಯ ಒಂದೇ. ಕೂಟದಲ್ಲಿ ಎರಡು ಅನುವಾದಗಳಿದ್ದರೆ ಒಳ್ಳೆಯದೇ: ಒಂದರಲ್ಲಿ ಬಿಗಿಯಾಗಿ ಕಂಡ ಸಾಲು ಇನ್ನೊಂದರಲ್ಲಿ ಸಡಿಲವಾಗಿ ಬಿಡಿಸಿಕೊಂಡಿರುತ್ತದೆ.

ಇದು ಮೊದಲಿನಿಂದಲೂ ಕೇಳುವ ಪುಸ್ತಕ

ಒಬ್ಬರೇ ಮೂಲೆಯಲ್ಲಿ ಕೂತು ಮನಸ್ಸಿನಲ್ಲೇ ಓದುವುದು ಬೈಬಲ್‌ನ ಹಳೆಯ ರೂಢಿ ಅಂದುಕೊಂಡಿರುತ್ತೇವೆ. ಆದರೆ ಕೂಡಿ ಕೇಳುವುದೇ ಹಳೆಯದು. ಒಬ್ಬೊಬ್ಬರ ಕೈಗೂ ಒಂದೊಂದು ಪ್ರತಿ ಬಂದದ್ದು ತೀರಾ ಇತ್ತೀಚೆಗೆ.

ನೆಹೆಮೀಯನ ಪುಸ್ತಕದ ಎಂಟನೇ ಅಧ್ಯಾಯ ನೋಡಿ. ಬಾಬೆಲಿನ (ಬ್ಯಾಬಿಲೋನಿನ) ಸೆರೆಯಿಂದ ಮರಳಿದ ಯೆಹೂದ್ಯ ಜನ ಜೆರುಸಲೇಮಿನಲ್ಲಿ ನೀರಿನ ಬಾಗಿಲ ಎದುರಿನ ಬಯಲಲ್ಲಿ ಸೇರುತ್ತಾರೆ. ಗಂಡಸರು, ಹೆಂಗಸರು, ತಿಳಿವಳಿಕೆ ಬಂದ ಮಕ್ಕಳು, ಎಲ್ಲರೂ. ಧರ್ಮಶಾಸ್ತ್ರ ಬಲ್ಲ ಯಾಜಕ ಎಜ್ರನು ಮರದ ಅಟ್ಟಣೆಯ ಮೇಲೆ ನಿಂತು ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರವನ್ನು ಗಟ್ಟಿಯಾಗಿ ಓದುತ್ತಾನೆ. ದೇವಾಲಯದ ಸೇವೆ ಮಾಡುವ ಕುಲದ ಲೇವಿಯರು ಜನರ ನಡುವೆ ನಿಂತು ಅರ್ಥ ಬಿಡಿಸಿ ಹೇಳುತ್ತಾರೆ. ನಮ್ಮ ನಾಡಿನವರಿಗೆ ಇದು ತಕ್ಷಣ ಹೊಳೆಯುತ್ತದೆ. ಒಬ್ಬರು ಕಾವ್ಯ ವಾಚಿಸಿ, ಇನ್ನೊಬ್ಬರು ವ್ಯಾಖ್ಯಾನ ಮಾಡುವ ಗಮಕದ ಕಟ್ಟೆ ಕಂಡವರಿಗೆ ಆ ಬಯಲು ಅಪರಿಚಿತವಲ್ಲ.

ಅಲ್ಲಿ ಜನ ಕೇಳುತ್ತ ಅಳುತ್ತಾರೆ. ಆಗ ಅವರಿಗೆ ಹೇಳುವ ಮಾತು ವಿಶೇಷವಾದದ್ದು: ಅಳಬೇಡಿ, ಹೋಗಿ ಒಳ್ಳೆಯ ಊಟ ಮಾಡಿ, ಏನೂ ಸಿದ್ಧಮಾಡಿಕೊಳ್ಳದವರಿಗೆ ಒಂದು ಪಾಲು ಕಳಿಸಿ. ಓದು ಮುಗಿದ ಕೂಡಲೇ ನೆರೆಯವನ ತಟ್ಟೆಯ ಮಾತು. ಕೂಡಿ ಓದುವುದಕ್ಕೂ ಬುತ್ತಿ ಹಂಚುವುದಕ್ಕೂ ಇರುವ ನಂಟು ಅಷ್ಟು ಹಳೆಯದು.

ಲೂಕನ ಸುವಾರ್ತೆಯಲ್ಲಿ ಯೇಸು ನಜರೇತಿನ ಸಭಾಮಂದಿರದಲ್ಲಿ ಎದ್ದು ನಿಂತು ಪ್ರವಾದಿ ಯೆಶಾಯನ ಸುರುಳಿಯನ್ನು ಬಿಡಿಸಿ ಓದುತ್ತಾನೆ. ಅಪೊಸ್ತಲರ (ಯೇಸು ಕಳಿಸಿದ ಶಿಷ್ಯರ) ಕೆಲಸವನ್ನು ಹೇಳುವ 'ಅಪೊಸ್ತಲರ ಕೃತ್ಯಗಳು' ಪುಸ್ತಕದ 8ನೇ ಅಧ್ಯಾಯದಲ್ಲಿ ಇಥಿಯೋಪಿಯದ ಅಧಿಕಾರಿಯೊಬ್ಬ ರಥದಲ್ಲಿ ಕೂತು ಅದೇ ಯೆಶಾಯನನ್ನು ಓದುತ್ತಿರುತ್ತಾನೆ. ಗಟ್ಟಿಯಾಗಿ ಓದುತ್ತಿದ್ದುದರಿಂದಲೇ ಓಡಿಬಂದ ಫಿಲಿಪ್ಪ ಎಂಬ ವಿಶ್ವಾಸಿಗೆ ಅದು ಕೇಳಿಸುತ್ತದೆ. "ಓದುತ್ತಿರುವುದು ತಿಳಿಯುತ್ತಿದೆಯೇ?" ಎಂದರೆ, ಯಾರಾದರೂ ದಾರಿ ತೋರಿಸದೆ ಹೇಗೆ ತಿಳಿದೀತು ಅನ್ನುತ್ತಾನೆ ಅಧಿಕಾರಿ. ದೊಡ್ಡ ಹುದ್ದೆಯ ಮನುಷ್ಯ, ರಾಣಿಯ ಖಜಾನೆ ನೋಡಿಕೊಳ್ಳುವವನು, ತನಗೆ ತಿಳಿಯುತ್ತಿಲ್ಲ ಅಂತ ಹೇಳಿಕೊಳ್ಳಲು ಹಿಂಜರಿಯಲಿಲ್ಲ. ಕೂಟಕ್ಕೆ ಮೊದಲ ಸಲ ಹೋಗುವವರು ಇವನನ್ನು ನೆನಪಿಟ್ಟುಕೊಂಡರೆ ಸಾಕು.

ಊರೂರಿನ ಸಭೆಗಳಿಗೆ ಅಪೊಸ್ತಲ ಪೌಲ ಬರೆದ ಪತ್ರಗಳೂ ಹೀಗೆಯೇ ಓದಿಸಿಕೊಂಡವು. ಕೊಲೊಸ್ಸೆಯವರಿಗೆ ಬರೆದದ್ದನ್ನು ಲವೊದಿಕೀಯದ ಸಭೆಯಲ್ಲೂ ಓದಿಸಿ ಎಂದು ಅವನೇ ಹೇಳುತ್ತಾನೆ. ಸುಮಾರು ಕ್ರಿ.ಶ. 155ರಲ್ಲಿ ರೋಮಿನಲ್ಲಿ ಬರೆದ ಜಸ್ಟಿನ್ ಎಂಬ ಕ್ರೈಸ್ತ ಚಿಂತಕ ಭಾನುವಾರದ ಕೂಟವನ್ನು ವರ್ಣಿಸುತ್ತ, ಅಪೊಸ್ತಲರ ನೆನಪುಗಳನ್ನೋ ಪ್ರವಾದಿಗಳ ಬರಹಗಳನ್ನೋ ಸಮಯ ಇರುವಷ್ಟು ಹೊತ್ತು ಓದುತ್ತಾರೆ ಎನ್ನುತ್ತಾನೆ. ಕೈಬರಹದ ಕಾಲ ಅದು. ಸಭೆಗೊಂದು ಪ್ರತಿ ಇದ್ದರೆ ಅದೇ ಭಾಗ್ಯ.

ಫ್ರಾಂಕ್‌ಫರ್ಟಿನ ಮನೆಯಿಂದ ಮಂಗಳೂರಿಗೆ

ಮನೆಯಲ್ಲಿ ಸೇರಿ ಓದುವ ಈಗಿನ ರೂಢಿ ಕನ್ನಡ ನಾಡಿಗೆ ಬಂದ ದಾರಿಯೊಂದು ಸ್ಪಷ್ಟವಾಗಿದೆ. 1670ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಫಿಲಿಪ್ ಯಾಕೊಬ್ ಸ್ಪೇನರ್ ಎಂಬ ಲುಥೆರನ್ ಪಾದ್ರಿ ತನ್ನ ಮನೆಯಲ್ಲಿ ಜನರನ್ನು ಸೇರಿಸಿ ಭಕ್ತಿಯ ಓದು, ಪ್ರಾರ್ಥನೆ, ಮಾತುಕತೆ ಆರಂಭಿಸಿದ. ಚರ್ಚಿನಲ್ಲಿ ಪ್ರಸಂಗ (ಉಪದೇಶ) ಕೇಳಿ ಮನೆಗೆ ಹೋದರೆ ಸಾಲದು, ಸಾಮಾನ್ಯ ವಿಶ್ವಾಸಿಗಳೂ ದೇವರ ವಾಕ್ಯವನ್ನು ತಾವೇ ಓದಿ ಒಬ್ಬರಿಗೊಬ್ಬರು ಬಲ ತುಂಬಬೇಕು ಎಂಬುದು ಅವನ ಕಾಳಜಿ. ಈ ಚಳವಳಿಗೆ ಪಯಟಿಸಂ ಎಂದು ಹೆಸರಾಯಿತು. ವುರ್ಟೆಂಬರ್ಗ್ ಪ್ರಾಂತ್ಯದಲ್ಲಿ ಅದು ಆಳವಾಗಿ ಬೇರುಬಿಟ್ಟಿತು. 1743ರಲ್ಲಿ ಅಲ್ಲಿನ ಸರ್ಕಾರವೇ ಇಂಥ ಮನೆಕೂಟಗಳಿಗೆ ಕೆಲವು ಕಟ್ಟಳೆ ಹಾಕಿ ಅನುಮತಿ ಕೊಟ್ಟಿತು.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1815ರಲ್ಲಿ ಹುಟ್ಟಿದ್ದು ಇದೇ ಪರಂಪರೆಯೊಳಗೆ. ಅದರ ಮೊದಲ ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಎರಡು ವರ್ಷದ ಮೇಲೆ ಬಂದ ಹರ್ಮನ್ ಮೊಗ್ಲಿಂಗ್ ವುರ್ಟೆಂಬರ್ಗಿನವರೇ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ದಿಂದ ಅವರ ಹೆಸರು ಕನ್ನಡಿಗರಿಗೆಲ್ಲ ಗೊತ್ತು. ಅಷ್ಟರಲ್ಲಿ ಕನ್ನಡದಲ್ಲಿ ಇಡೀ ಬೈಬಲ್ ಸಿದ್ಧವಾಗಿತ್ತು: ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಅನುವಾದ ಕೈಗೆತ್ತಿಕೊಂಡಿದ್ದರು, 1831ರಲ್ಲಿ ಅಲ್ಲಿಯೇ ಅದು ಪೂರ್ತಿಯಾಗಿ ಅಚ್ಚಾಯಿತು. ಮುಂದೆ ಮೊಗ್ಲಿಂಗ್, ವೈಗಲ್ ಮುಂತಾದವರು ಅದನ್ನು ತಿದ್ದಿದರು. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಶುರುವಾಯಿತು. ಮಂಗಳೂರು, ಧಾರವಾಡ, ಹುಬ್ಬಳ್ಳಿ, ಬೆಟಗೇರಿಯ ಹಳೆಯ ಕ್ರೈಸ್ತ ಮನೆಗಳಲ್ಲಿ ರಾತ್ರಿ ಊಟಕ್ಕೆ ಮೊದಲು ಎಲ್ಲರೂ ಚಾಪೆ ಮೇಲೆ ಕೂತು ಒಂದು ಅಧ್ಯಾಯ ಓದುವ ಪದ್ಧತಿಗೆ ಹಿಂದೆ ಇಷ್ಟು ಉದ್ದದ ದಾರಿಯಿದೆ.

ಕಥೋಲಿಕರಲ್ಲಿ ತಿರುವು ಬಂದದ್ದು ಜಗತ್ತಿನ ಕಥೋಲಿಕ ಬಿಷಪ್‌ಗಳೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆಯಿಂದ. 1965ರ ನವೆಂಬರ್ 18ರಂದು ಹೊರಟ ದೈವವಾಕ್ಯ ಕುರಿತ ದಾಖಲೆ, ಎಲ್ಲ ವಿಶ್ವಾಸಿಗಳೂ ಪವಿತ್ರ ಗ್ರಂಥವನ್ನು ಓದುತ್ತಿರಬೇಕೆಂದು ಒತ್ತಾಯಿಸಿತು. ಅದೇ ಹೊತ್ತಿಗೆ ಪೂಜೆಯೂ ಲ್ಯಾಟಿನ್‌ನಿಂದ ಜನರ ಭಾಷೆಗೆ ಬಂತು.

ನೀನು, ನೀವು

ಕೂಡಿ ಓದಬೇಕೇಕೆ ಎಂಬುದಕ್ಕೆ ಕನ್ನಡ ಓದುಗರಿಗೆ ಪುಸ್ತಕದೊಳಗೇ ಒಂದು ಸುಳಿವಿದೆ. ಇಂಗ್ಲಿಷಿನಲ್ಲಿ ಒಬ್ಬನಿಗೂ ನೂರು ಜನಕ್ಕೂ 'ಯು' ಒಂದೇ. ಕನ್ನಡದಲ್ಲಿ 'ನೀನು' ಬೇರೆ, 'ನೀವು' ಬೇರೆ. ಮೂಲ ಹೀಬ್ರೂ, ಗ್ರೀಕ್ ಭಾಷೆಗಳಲ್ಲೂ ಹಾಗೆಯೇ. ಮಾತಿನಲ್ಲಿ ನಾವು ಹಿರಿಯರಿಗೂ 'ನೀವು' ಅನ್ನುತ್ತೇವೆ ನಿಜ. ಆದರೆ ಹಳೆಯ ಕನ್ನಡ ಸತ್ಯವೇದ ದೇವರಿಗೂ ಅರಸನಿಗೂ 'ನೀನು' ಎನ್ನುವುದರಿಂದ ಅಲ್ಲಿ 'ನೀವು' ಬಂದರೆ ಸಾಮಾನ್ಯವಾಗಿ ಬಹಳ ಜನ ಎಂದೇ ಅರ್ಥ.

ಈ ಕಣ್ಣಿನಿಂದ ಪೌಲನ ಪತ್ರಗಳನ್ನು ಓದಿ. ಕೊರಿಂಥದವರಿಗೆ 'ನೀವು ದೇವರ ಆಲಯ' ಎಂದಾಗ ಅವನು ಒಬ್ಬೊಬ್ಬರನ್ನೂ ಬೇರೆಬೇರೆ ಗುಡಿ ಅನ್ನುತ್ತಿಲ್ಲ. ಜಗಳಾಡಿ ಪಂಗಡವಾಗಿದ್ದ ಇಡೀ ಸಭೆಗೆ, ಕೂಡಿದರೆ ನೀವೆಲ್ಲ ಒಂದು ಆಲಯ ಎನ್ನುತ್ತಿದ್ದಾನೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ 'ನಾನು', 'ನನ್ನ' ಎಂಬ ಪದವೇ ಇಲ್ಲ. ನಮ್ಮ ತಂದೆಯೇ, ನಮ್ಮ ಅನುದಿನದ ಆಹಾರ, ನಮ್ಮ ತಪ್ಪುಗಳು. ಬಾಗಿಲು ಹಾಕಿಕೊಂಡು ಒಬ್ಬರೇ ಹೇಳಿದರೂ ಆ 'ನಮ್ಮ' ಅಲ್ಲೇ ಇರುತ್ತದೆ.

ಧೈರ್ಯ ತುಂಬುವುದು ಅಂದರೆ

ಕ್ರೈಸ್ತರ ಮಾತಿನಲ್ಲಿ ಪದೇ ಪದೇ ಬರುವ ಪದ 'ಪ್ರೋತ್ಸಾಹ'. ಕನ್ನಡದಲ್ಲಿ ಪ್ರೋತ್ಸಾಹ ಅಂದರೆ ಕ್ರಿಕೆಟ್ ಆಡುವವನಿಗೆ ಚಪ್ಪಾಳೆ ತಟ್ಟಿದ ಹಾಗೆ ಕೇಳಿಸುತ್ತದೆ. ಹೊಸ ಒಡಂಬಡಿಕೆಯ ಗ್ರೀಕ್ ಪದ 'ಪಾರಾಕ್ಲೇಸಿಸ್'. ಪಕ್ಕಕ್ಕೆ ಕರೆಯುವುದು ಎಂಬುದು ಅದರ ಬೇರು. ಸಂತೈಸುವುದು, ಧೈರ್ಯ ಹೇಳುವುದು, ಎಚ್ಚರಿಸುವುದು ಮೂರೂ ಅದರಲ್ಲಿ ಸೇರಿವೆ. ಕನ್ನಡ ಅನುವಾದಗಳಲ್ಲಿ ಈ ಮೂರೂ ಬೇರೆ ಬೇರೆ ಕಡೆ ಕಾಣುವುದು ಅದಕ್ಕೇ.

ಈ ಪದಕ್ಕೆ ಕೈಕಾಲು ಬಂದರೆ ಹೇಗಿರುತ್ತದೆ ಎಂಬುದಕ್ಕೆ ಬಾರ್ನಬನಿದ್ದಾನೆ. ಅವನ ಹುಟ್ಟುಹೆಸರು ಯೋಸೇಫ, ಊರು ಸೈಪ್ರಸ್ ದ್ವೀಪ. ಧೈರ್ಯ ಕೊಡುವವನು ಎಂಬರ್ಥ ಬರುವಂತೆ ಅಪೊಸ್ತಲರು ಬಾರ್ನಬ ಎಂದು ಕರೆದರು. ಅವನು ಮಾಡಿದ್ದೇನು? ಹೊಲ ಮಾರಿ ಹಣವನ್ನು ಬಡವರಿಗೆಂದು ತಂದುಕೊಟ್ಟ. ಕ್ರೈಸ್ತರನ್ನು ಹಿಂಸಿಸುತ್ತಿದ್ದ ಸೌಲ (ಇವನೇ ಮುಂದೆ ಪೌಲ) ಬದಲಾಗಿ ಬಂದಾಗ ಯಾರೂ ನಂಬದಿದ್ದರೂ ಕೈಹಿಡಿದು ಒಳಗೆ ಕರೆದುಕೊಂಡು ಹೋದ. ನಡುದಾರಿಯಲ್ಲಿ ಬಿಟ್ಟುಹೋಗಿದ್ದ ಯುವಕ ಮಾರ್ಕನಿಗೆ ಇನ್ನೊಂದು ಅವಕಾಶ ಕೊಡಲೇಬೇಕೆಂದು ಪೌಲನನ್ನೇ ಎದುರು ಹಾಕಿಕೊಂಡ. ಅವನ ಹೆಸರಿನಲ್ಲಿ ಉಳಿದಿರುವ ಮಾತುಗಳಿಗಿಂತ ಪಕ್ಕದಲ್ಲಿ ನಿಂತ ಸಂಗತಿಗಳೇ ಹೆಚ್ಚು.

ಹಾಗಾಗಿ ಧೈರ್ಯ ತುಂಬುವುದೆಂದರೆ 'ಎಲ್ಲ ಸರಿಹೋಗುತ್ತೆ ಬಿಡಿ' ಅನ್ನುವುದಲ್ಲ. ಬೈಬಲ್ಲೇ ಹಾಗನ್ನುವುದಿಲ್ಲ. ಕೀರ್ತನೆಗಳಲ್ಲಿ ದೊಡ್ಡ ಪಾಲು ಗೋಳಾಟ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಮಗನನ್ನು ಕಳೆದುಕೊಂಡ ಮನೆಯಲ್ಲಿ ಆ ಕೀರ್ತನೆ ಓದಿದಾಗ, ತಾಯಿ ಮೊದಲ ಸಲ ತಲೆಯೆತ್ತಿ "ಇದೂ ಅದರಲ್ಲೇ ಇದೆಯಾ?" ಎಂದು ಕೇಳಿದ್ದನ್ನು ನಾನು ಕಂಡಿದ್ದೇನೆ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ, ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅವರು ಮಾಡಿದ ಅತ್ಯುತ್ತಮ ಕೆಲಸ ಅದೇ. ಬಾಯಿ ತೆರೆದ ಮೇಲೆ ಎಡವಿದರು.

ಒಂದು ಸಂಜೆ, ಇಪ್ಪತ್ತಮೂರನೇ ಕೀರ್ತನೆ

ಹುಬ್ಬಳ್ಳಿ ಕಡೆಯ ಒಂದು ಮನೆ. ಒಂಬತ್ತು ಜನ. ಗೋಡೆಗೆ ಒರಗಿ ಹಿರಿಯರು, ನೆಲದ ಮೇಲೆ ನಾವು. ಒಬ್ಬ ಹೆಣ್ಣುಮಗಳು ಬಾಗಿಲ ಹತ್ತಿರವೇ ಕೂತಿದ್ದರು. ಗಂಡ ಆಸ್ಪತ್ರೆಯಲ್ಲಿ, ಫೋನ್ ಬಂದರೆ ಎದ್ದು ಹೋಗಬೇಕು. ಓದಬೇಕಾಗಿದ್ದು ಎಲ್ಲರಿಗೂ ಬಾಯಿಪಾಠ ಇರುವ ಭಾಗ: "ಯೆಹೋವನು ನನಗೆ ಕುರುಬನು, ಕೊರತೆಪಡೆನು." ಇದರಲ್ಲಿ ಇನ್ನೇನು ಹೊಸದು ಅನಿಸಿತ್ತು ನನಗೆ.

ಮೊದಲ ಸಲ ಒಬ್ಬರು ಪೂರ್ತಿ ಓದಿದರು. ಎರಡನೇ ಸಲ ಒಬ್ಬೊಬ್ಬರು ಒಂದೊಂದು ವಚನ. ಓದು ಬಾರದ ಅಜ್ಜಿಗೆ ಪಕ್ಕದವರು ಮೆಲ್ಲನೆ ಹೇಳಿಕೊಟ್ಟರು, ಅಜ್ಜಿ ಗಟ್ಟಿಯಾಗಿ ಹೇಳಿದರು. ಆಮೇಲೆ ಮೌನ. ಅಷ್ಟರಲ್ಲಿ ಒಂಬತ್ತನೇ ತರಗತಿಯ ಹುಡುಗಿ ಅಂದಳು: "ಇಲ್ಲಿ ಮೊದಲು 'ಆತನು' ಅಂತ ಇದೆ. ಆತನು ತಂಗಿಸುತ್ತಾನೆ, ಆತನು ನಡಿಸುತ್ತಾನೆ. ಕಾರ್ಗತ್ತಲಿನ ಕಣಿವೆ ಬಂದ ಕೂಡಲೇ 'ನೀನು' ಆಯ್ತು."

ಎಲ್ಲರೂ ಪುಸ್ತಕಕ್ಕೆ ಬಗ್ಗಿದೆವು. ಹೌದು. ನಾಲ್ಕನೇ ವಚನದಲ್ಲಿ ಹಾಡುವವನು ದೇವರ ಬಗ್ಗೆ ಮಾತಾಡುವುದನ್ನು ಬಿಟ್ಟು ದೇವರೊಂದಿಗೇ ಮಾತಾಡಲು ಶುರುಮಾಡುತ್ತಾನೆ. ನೂರು ಸಲ ಹೇಳಿದ್ದೆ ನಾನು, ಕಂಡಿರಲಿಲ್ಲ.

ಚಿಕ್ಕಂದಿನಲ್ಲಿ ಕುರಿ ಕಾಯುತ್ತಿದ್ದ ಅಜ್ಜ ಒಬ್ಬರಿದ್ದರು. 'ನಿನ್ನ ದೊಣ್ಣೆಯೂ ನಿನ್ನ ಕೋಲೂ' ಅಂತ ಎರಡು ಯಾಕೆ ಎಂದು ಯಾರೋ ಕೇಳಿದರು. ಅಜ್ಜ ನಕ್ಕರು. "ದೊಣ್ಣಿ ಇರೋದು ತ್ವಾಳಕ್ಕ. ಕೋಲು ಇರೋದು ಕುರಿಗೆ. ದಾರಿ ಬಿಟ್ಟ ಕುರೀನ ಹಿಂಗ ಮೆಲ್ಲಕ ತಟ್ಟಿ ಒಳಗ ತರ್ತೀವಿ, ಹೊಡ್ಯೂದಿಲ್ಲ. ರಾತ್ರಿ ಕತ್ತಲ್ದಾಗ ಕುರಿಗೆ ಕುರುಬ ಕಾಣೂದಿಲ್ಲ ತಂಗಿ, ಕೋಲು ಮುಟ್ಟಿದ್ದು ಗೊತ್ತಾಕ್ಕತಿ." ಕೈಯಲ್ಲಿ ಕೋಲಿದ್ದ ಹಾಗೆ ಗಾಳಿಯಲ್ಲಿ ಮೆಲ್ಲನೆ ತಟ್ಟಿ ತೋರಿಸಿದರು.

ಬಾಗಿಲ ಹತ್ತಿರ ಕೂತವರು ಆ ದಿನ ಏನೂ ಮಾತಾಡಲಿಲ್ಲ. ಯಾರೂ ಅವರಿಗೆ ಉಪದೇಶ ಮಾಡಲಿಲ್ಲ. ಎದ್ದು ಹೊರಡುವಾಗ ಇಬ್ಬರು ಲೆಕ್ಕ ಹಾಕಿಕೊಂಡರು: ನಾಳೆ ಮಧ್ಯಾಹ್ನದ ಬುತ್ತಿ ಯಾರದ್ದು, ರಾತ್ರಿ ಆಸ್ಪತ್ರೆಯಲ್ಲಿ ಮಲಗುವವರು ಯಾರು.

ಕೂಡಿ ಓದಿದರೆ ಏನಾಗುತ್ತದೆ ಅನ್ನುವುದಕ್ಕೆ ನನ್ನ ಬಳಿ ಇರುವ ವಿವರಣೆ ಇದೇ. ಹುಡುಗಿಗೆ ವ್ಯಾಕರಣ ಗೊತ್ತಿತ್ತು, ಅಜ್ಜನಿಗೆ ಕುರಿ ಗೊತ್ತಿತ್ತು, ಮನೆಯವರಿಗೆ ಆ ಅಕ್ಕನ ವಾರ ಹೇಗಿತ್ತೆಂದು ಗೊತ್ತಿತ್ತು. ಒಬ್ಬರೇ ಓದಿದ್ದರೆ ಮೂರರಲ್ಲಿ ಒಂದೇ ಸಿಗುತ್ತಿತ್ತು.

ಹಾಗಾದರೆ ಹೇಗೆ ಓದುತ್ತಾರೆ?

ಒಂದೇ ವಿಧಾನವಿಲ್ಲ. ಆದರೆ ನಮ್ಮಲ್ಲಿ ಕಿರು ಕ್ರೈಸ್ತ ಸಮುದಾಯಗಳಲ್ಲೂ (ಕಥೋಲಿಕರ ನೆರೆಹೊರೆಯ ಚಿಕ್ಕ ಗುಂಪುಗಳು) ಹಲವು ಪ್ರಾಟೆಸ್ಟಂಟ್ ಕೂಟಗಳಲ್ಲೂ ಕಾಣುವ ಕ್ರಮಕ್ಕೆ ಹತ್ತಿರವಾದದ್ದು 'ಏಳು ಹೆಜ್ಜೆ'. ದಕ್ಷಿಣ ಆಫ್ರಿಕದ ಲುಮ್ಕೊ ಎಂಬ ಕಥೋಲಿಕ ಸಂಸ್ಥೆಯಲ್ಲಿ ರೂಪುಗೊಂಡ ವಿಧಾನವಿದು. ಪಾದ್ರಿ ಅಪರೂಪಕ್ಕೆ ಬರುವ ಹಳ್ಳಿಗಳಲ್ಲೂ ಜನ ತಾವೇ ಓದಿಕೊಳ್ಳುವಂತಾಗಬೇಕೆಂದು ಮಾಡಿದ್ದು, ಆದ್ದರಿಂದ ಪಾಂಡಿತ್ಯ ಬೇಡ. ಚಿಕ್ಕದೊಂದು ಪ್ರಾರ್ಥನೆಯಿಂದ ದೇವರನ್ನು ಕರೆಯುವುದು ಮೊದಲ ಹೆಜ್ಜೆ. ನಂತರ ಭಾಗವನ್ನು ಓದುವುದು. ಮೂರನೆಯದು ನನಗೆ ಬಹಳ ಇಷ್ಟ: ಮನಸ್ಸಿಗೆ ಅಂಟಿದ ಒಂದು ಪದವನ್ನೋ ಚಿಕ್ಕ ಸಾಲನ್ನೋ ಯಾರು ಬೇಕಾದರೂ ಗಟ್ಟಿಯಾಗಿ ಹೇಳುವುದು, ವಿವರಣೆ ಕೊಡದೆ, ನಡುನಡುವೆ ಮೌನ ಬಿಟ್ಟು. ಮಾತು ಬಾರದವರು, ನಾಚುವವರು ಕೂಡ "ಕೊರತೆಪಡೆನು" ಅಂತ ಒಂದು ಪದ ಹೇಳಬಲ್ಲರು. ನಾಲ್ಕನೆಯದು ಕೆಲವು ನಿಮಿಷ ಸುಮ್ಮನಿರುವುದು. ಐದನೆಯದು ಮನಸ್ಸಿಗೆ ಬಂದದ್ದನ್ನು ಹಂಚಿಕೊಳ್ಳುವುದು. ಇಲ್ಲಿ ಚರ್ಚೆಯಿಲ್ಲ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದುವುದಿಲ್ಲ. ಆರನೆಯದು, ಇದರಿಂದ ನಾವು ಮಾಡಬೇಕಾದ ಕೆಲಸ ಏನಾದರೂ ಇದೆಯೇ ಎಂದು ನೋಡುವುದು. ಮೇಲೆ ಹೇಳಿದ ಬುತ್ತಿ ಹುಟ್ಟುವುದು ಇಲ್ಲಿ. ಏಳನೆಯದು ಒಬ್ಬರಿಗೊಬ್ಬರು ಪ್ರಾರ್ಥಿಸುವುದು.

ಇದಕ್ಕೂ ಹಿಂದಿನದೊಂದು ಕ್ರಮವಿದೆ. ಹನ್ನೆರಡನೇ ಶತಮಾನದಲ್ಲಿ ಎರಡನೇ ಗ್ವಿಗೊ ಎಂಬ ಸನ್ಯಾಸಿ ಓದು, ಮನನ, ಪ್ರಾರ್ಥನೆ, ಧ್ಯಾನ ಎಂದು ನಾಲ್ಕು ಮೆಟ್ಟಿಲು ಹೇಳಿದ. ಅವನ ಹೋಲಿಕೆ ಊಟದ್ದು: ತುತ್ತು ಬಾಯಿಗಿಡುವುದು, ಅಗಿಯುವುದು, ರುಚಿ ತಿಳಿಯುವುದು, ಆ ರುಚಿಯಲ್ಲಿ ನೆಮ್ಮದಿಯಾಗಿರುವುದು. ನಾವು ಬಹಳ ಸಲ ನುಂಗಿಬಿಡುತ್ತೇವೆ.

ಇನ್ನು ಕೆಲವು ಕೂಟಗಳು ಮೂರು ಪ್ರಶ್ನೆ ಇಟ್ಟುಕೊಳ್ಳುತ್ತವೆ: ಇಲ್ಲಿ ಏನು ಬರೆದಿದೆ? ಆಗ ಕೇಳಿದವರಿಗೆ ಏನು ಅರ್ಥವಾಗಿತ್ತು? ಇವತ್ತು ನಮಗೇನು? ಹೆಚ್ಚಿನವರು ಮೊದಲ ಎರಡನ್ನು ದಾಟಿ ಮೂರನೆಯದಕ್ಕೆ ಹಾರುತ್ತಾರೆ. ತೊಂದರೆ ಶುರುವಾಗುವುದು ಅಲ್ಲೇ.

ಎಡವುವ ಜಾಗಗಳು

ಬೆಳಗ್ಗೆ ವಾಟ್ಸಾಪ್‌ನಲ್ಲಿ ಹೂವಿನ ಚಿತ್ರದ ಮೇಲೆ ಬರುವ ವಚನಗಳಲ್ಲಿ ಯೆರೆಮೀಯ 29:11ಕ್ಕೆ ದೊಡ್ಡ ಸ್ಥಾನ. ನಿಮ್ಮ ವಿಷಯದಲ್ಲಿ ನಾನು ಮಾಡುವ ಯೋಚನೆಗಳು "ಅಹಿತದ ಯೋಚನೆಗಳಲ್ಲ, ಹಿತದ ಯೋಚನೆಗಳೇ" ಎಂಬ ಮಾತು. ಕೆಲಸ ಸಿಗಲಿ, ಪರೀಕ್ಷೆ ಪಾಸಾಗಲಿ ಎಂದು ಕಾಯುವವರಿಗೆ ಇದನ್ನು ಕಳಿಸುತ್ತಾರೆ. ಆದರೆ ಅಧ್ಯಾಯವನ್ನು ಮೊದಲಿನಿಂದ ಓದಿ. ಅದು ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ. ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬವನು ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಸಾರಿದ್ದಾನೆ. ಯೆರೆಮೀಯ ಹೇಳುವುದು ಎಪ್ಪತ್ತು ವರ್ಷ. ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ಸೆರೆಯ ಊರಿನ ಕ್ಷೇಮಕ್ಕಾಗಿಯೂ ಬೇಡಿಕೊಳ್ಳಿ. ಪತ್ರ ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ತಾಯ್ನಾಡಿಗೆ ಮರಳುವವರಲ್ಲ. 'ನಿಮ್ಮ' ಎಂಬುದು ಇಲ್ಲೂ ಬಹುವಚನ. ಈ ಹಿನ್ನೆಲೆ ತಿಳಿದರೆ ವಚನದ ಬಲ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ: ಬೇಗ ಬಿಡುಗಡೆಯಾಗದವರಿಗೂ ಹೇಳಬಹುದಾದ ಮಾತು ಅದು.

ಫಿಲಿಪ್ಪಿ 4:13 ಕೂಡ ಹಾಗೆಯೇ. ಬಲಪಡಿಸುವವನಿಂದ ಎಲ್ಲವನ್ನೂ ಮಾಡಬಲ್ಲೆ ಎಂದವನು ಬೇಡಿಯಲ್ಲಿದ್ದ ಪೌಲ. ಅದರ ಹಿಂದಿನ ವಚನದಲ್ಲಿ ಅವನು ಹೇಳುತ್ತಿರುವುದು ಹೊಟ್ಟೆ ತುಂಬಿರುವುದೂ ಹಸಿದಿರುವುದೂ ತನಗೆ ಅಭ್ಯಾಸ ಎಂದು. ಕೂಟದಲ್ಲಿ ಯಾರಾದರೂ ಒಂದು ವಚನ ಹಿಡಿದು ಮಾತಾಡಿದರೆ, "ಅದರ ಮೇಲಿಂದ ಹತ್ತು ವಚನ, ಕೆಳಗಿಂದ ಹತ್ತು ವಚನ ಓದೋಣ" ಎನ್ನುವುದು ಒಳ್ಳೆಯ ರೂಢಿ.

ಇನ್ನೊಂದು, ಒಬ್ಬರೇ ಮಾತಾಡುವುದು. ಕೂಟ ಎರಡನೇ ಪ್ರಸಂಗವಾದರೆ ಉಳಿದವರು ಮತ್ತೆ ಬೆಂಚಿಗೆ ಮರಳಿದ ಹಾಗೆ. ಮತ್ತೊಂದು, ಪ್ರಾರ್ಥನೆಯ ಬೇಡಿಕೆ ಹೆಸರಿನಲ್ಲಿ ಮನೆಯ ಮಾತು ಬೀದಿಗೆ ಹೋಗುವುದು. ಒಬ್ಬ ಅಕ್ಕ ಕಣ್ಣೀರಿಟ್ಟು ಹೇಳಿದ್ದು ಮರುದಿನ ಮಾರುಕಟ್ಟೆಯಲ್ಲಿ ಕೇಳಿಬಂದರೆ ಅವರು ಇನ್ನೊಮ್ಮೆ ಬರುವುದಿಲ್ಲ, ಬರಬಾರದು ಕೂಡ.

ಇದನ್ನು ಬಿಡಿಸಿಯೇ ಹೇಳಬೇಕು: ವಿಶ್ವಾಸವಿದ್ದರೆ ಮಾತ್ರೆ ಯಾಕೆ, ಡಾಕ್ಟರು ಯಾಕೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಪೌಲನ ಜೊತೆಗಿದ್ದ ಲೂಕ ವೈದ್ಯ. ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಪೌಲ ತಿಮೊಥೆಗೆ ಬರೆದದ್ದು ಅದೇ ಬೈಬಲ್‌ನಲ್ಲಿದೆ. ಮನಸ್ಸಿನ ಕಾಯಿಲೆಗೂ ಇದೇ ಮಾತು. ಕೂಟ ಪಕ್ಕದಲ್ಲಿ ಕೂರಬಹುದು, ಆಸ್ಪತ್ರೆಗೆ ಜೊತೆಗೆ ಹೋಗಬಹುದು, ಚಿಕಿತ್ಸೆಯ ಜಾಗದಲ್ಲಿ ಕೂರಬಾರದು.

ಎಲ್ಲಿಂದ ಶುರುಮಾಡುವುದು?

ಮೊದಲ ಪುಟದಿಂದ ಶುರುಮಾಡಿದವರು ಸಾಮಾನ್ಯವಾಗಿ ಮೂರನೇ ಪುಸ್ತಕ, ಬಲಿ ಮತ್ತು ಶುದ್ಧಾಚಾರದ ನಿಯಮಗಳು ತುಂಬಿದ ಯಾಜಕಕಾಂಡಕ್ಕೆ ಬಂದಾಗ ನಿಲ್ಲುತ್ತಾರೆ. ಹೊಸ ಕೂಟಕ್ಕೆ ಮಾರ್ಕನ ಸುವಾರ್ತೆ ಒಳ್ಳೆಯದು. ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು, ಹದಿನಾರೇ ಅಧ್ಯಾಯ, ಓಡುವ ಕಥೆ. ಬಾರ್ನಬ ಕೈಬಿಡದ ಆ ಮಾರ್ಕನೇ ಅದನ್ನು ಬರೆದವನೆಂದು ಹಳೆಯ ಸಂಪ್ರದಾಯ ಹೇಳುತ್ತದೆ. ಪತ್ರಗಳಲ್ಲಿ ಫಿಲಿಪ್ಪಿ, ನಾಲ್ಕೇ ಅಧ್ಯಾಯ. ಮನಸ್ಸು ಭಾರವಾಗಿದ್ದರೆ ಕೀರ್ತನೆಗಳು. ಒಂದು ಸಂಜೆಗೆ ಹದಿನೈದು ಇಪ್ಪತ್ತು ವಚನ ಸಾಕು. ಇಡೀ ಬೈಬಲನ್ನು ವರ್ಷದಲ್ಲಿ ಮುಗಿಸಬೇಕೆಂದರೆ, ಪ್ರಾಟೆಸ್ಟಂಟ್ ಬೈಬಲ್‌ನ 1,189 ಅಧ್ಯಾಯಗಳಿಗೆ ದಿನಕ್ಕೆ ಮೂರರಿಂದ ನಾಲ್ಕು ಬೇಕಾಗುತ್ತದೆ. ಅದು ಮನೆಯ ಓದಿಗಿರಲಿ, ಕೂಟಕ್ಕೆ ಬೇಡ. ಹತ್ತು ಹನ್ನೆರಡು ಜನ ದಾಟಿದರೆ ಎರಡು ಕೂಟ ಮಾಡಿಕೊಳ್ಳುವುದು ವಾಸಿ, ಇಲ್ಲವಾದರೆ ಮೂಲೆಯಲ್ಲಿ ಕೂತವರು ಮೂಲೆಯಲ್ಲೇ ಉಳಿಯುತ್ತಾರೆ.

ಒಂದೇ ಊರಲ್ಲಿಲ್ಲದಿದ್ದರೆ? ಕೊರೋನಾ ಕಾಲದಲ್ಲಿ ಚರ್ಚಿನ ಬಾಗಿಲು ಮುಚ್ಚಿದಾಗ ಫೋನಿನಲ್ಲಿ ಓದು ಶುರುಮಾಡಿದ ಕುಟುಂಬಗಳಲ್ಲಿ ಕೆಲವು ಇನ್ನೂ ಬಿಟ್ಟಿಲ್ಲ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಮೊಮ್ಮಗ ಕೊಲ್ಲಿ ದೇಶದಲ್ಲಿದ್ದಾನೆ, ಅಜ್ಜಿ ಗದಗಿನ ಹತ್ತಿರದ ಹಳ್ಳಿಯಲ್ಲಿ. ಅಜ್ಜಿಗೆ ಪೊರೆ ಬಂದು ಅಕ್ಷರ ಕಾಣುವುದಿಲ್ಲ. ಅವನಿಗೆ ಕನ್ನಡ ಓದುವ ಅಭ್ಯಾಸ ತಪ್ಪಿದೆ, ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾನೆ. ಶುಕ್ರವಾರ ಅವನಿಗೆ ರಜೆ. ಅವನು ಎಡವುತ್ತ ಓದುತ್ತಾನೆ, ನಿಂತ ಕಡೆ ಅಜ್ಜಿ ಮುಂದಿನ ಪದ ಎತ್ತಿಕೊಡುತ್ತಾರೆ, ನೆನಪಿನಿಂದ. ಮಾರ್ಕನ ಒಂಬತ್ತನೇ ಅಧ್ಯಾಯದವರೆಗೆ ಬಂದಿದ್ದಾರೆ.